ಕಪ್ಪತಗುಡ್ಡದ ಹಳೇ ಬಂಗಾರದ ಗಣಿ, ಲಕ್ಕುಂಡಿ, ಡಂಬಳ: ಹುಬ್ಬಳ್ಳಿಯಿಂದ ಎರಡ ದಿನದಾಗ ಹೆಂಗ ನೋಡೂದು

ಹುಬ್ಬಳ್ಳಿ-ಧಾರವಾಡದಾಗ ಯಾರನ್ನರೆ ಕೇಳ್ರಿ, ಶನಿವಾರ ಐತವಾರ ಎಲ್ಲಿ ಹೋಗೂಣು ಅಂತ, ದಾಂಡೇಲಿ ಅಂತಾರ, ಗೋಕರ್ಣ ಅಂತಾರ, ಭಾಳ ಅಂದ್ರ ಹಂಪಿ. ಗದಗ ಅಂದ ಕೂಡ್ಲೆ "ಅಲ್ಲೇನೈತ್ರಿ?" ಅಂತ ಕೇಳ್ತಾರ. ಈ ಪ್ರಶ್ನೆ ನಾನು ಎಷ್ಟ ಸಲ ಕೇಳೀನಿ ಅಂದ್ರ, ಒಮ್ಮೆ ಕುಂತು ಎಲ್ಲಾ ಬರದೇ ಬಿಡೂಣು ಅನಿಸ್ತು. ಯಾಕಂದ್ರ ಅಲ್ಲಿ ಒಂದು ಗುಡ್ಡದ ಸಾಲೈತಿ, ಗುಡ್ಡದ ಬುಡಕ್ಕ ಸಾವಿರ ವರ್ಷದ ಗುಡಿಗಳದಾವ, ಗುಡ್ಡದ ಹೊಟ್ಟ್ಯಾಗ ಬ್ರಿಟಿಷರ ಕಂಪನಿಗಳು ಬಂಗಾರ ಅಗದು ಬಿಟ್ಟ ಹೋದ ಗಣಿಗಳದಾವ, ಈ ಮೂರೂ ಒಂದ ಕತಿ. ಬ್ಯಾರೆ ಬ್ಯಾರೆ ನೋಡಿದ್ರ ಅರ್ಧಾನೂ ತಿಳಿಯೂದಿಲ್ಲ. ಮೊದಲ ಗುಡಿ, ಆಮ್ಯಾಲ ಕೆರಿ-ಬಾವಿ, ಕಡೀಕ ಗುಡ್ಡ ಮತ್ತ ಗಣಿ, ಈ ಕ್ರಮದಾಗ ಹೋಗ್ರಿ. ಯಾಕ ಈ ಕ್ರಮ ಅಂತ ಹೋಗ್ತಾ ಹೋಗ್ತಾ ಹೇಳ್ತೀನಿ.

ಮೊದಲ ಟೈಮಿನ ಮಾತು. ಅಕ್ಟೋಬರ್‌ನಿಂದ ಜನವರಿ ತನಕ ಬೆಸ್ಟ್. ಮಳಿಗಾಲದಾಗ ಗುಡ್ಡ ಹಸರಾಗಿ ಮೋಡ ತಲಿ ಮ್ಯಾಲ ಬಂದು ಕುಂತಿರ್ತಾವ, ನೋಡಾಕ ಅದು ಇನ್ನೂ ಚಂದ, ಆದ್ರ ಎರಿ ಭೂಮಿ ನೆನಪಿಟ್ಕೋರಿ. ಗದಗ ಸುತ್ತಮುತ್ತ ಎಲ್ಲಾ ಕರೇ ಮಣ್ಣು, ಮಳಿ ಬಿದ್ದಾಗ ಡಾಂಬರ್ ರೋಡ್ ಬಿಟ್ಟು ಹೊಲದ ದಾರಿ ಹಿಡದ್ರೋ ಬೈಕಿನ ಮಡ್‌ಗಾರ್ಡ್‌ದಾಗ ಮಣ್ಣು ಮೆತ್ತಿ ಗಾಲಿ ತಿರಗೂದ ನಿಂದರತೈತಿ, ಕಟ್ಟಿಗಿ ತಗೊಂಡು ಕೆರಕೋತ ಕುಂಡ್ರೂದು ಆಕೈತಿ. ನಮಗ ಒಮ್ಮೆ ಒಂದು ಕಿಲೋಮೀಟರ್ ದಾಟಾಕ ಎರಡ ತಾಸು ಹಿಡದಿತ್ತು. ಮಾರ್ಚ್‌ನಿಂದ ಮೇ ತನಕ ಹೋಗೂದ ಬ್ಯಾಡ ಅಂತೀನಿ, ಬಿಸಲು ಒಂದ ಕಾರಣ ಅಲ್ಲ, ಗುಡ್ಡದ ಹುಲ್ಲು ಒಣಗಿ ಬೆಂಕಿ ಬೀಳೂ ಕಾಲ ಅದು, ಅರಣ್ಯದವರೂ ಒಳಗ ಬಿಡಾಕ ಒಪ್ಪೂದಿಲ್ಲ, ಅವರು ಒಪ್ಪದಿರೂದ ಸರಿ.

ಹುಬ್ಬಳ್ಳಿಯಿಂದ ಗದಗ ಸುಮಾರು 58 ಕಿಲೋಮೀಟರ್. ಬಸ್ ಬೇಕಾದಷ್ಟ ಅದಾವ, ಟ್ರೇನೂ ಅದಾವ. ಆದ್ರ ಗುಡ್ಡದ ಬುಡದ ಊರುಗಳಿಗೆ ಬಸ್ಸು ಕಡಿಮಿ, ಹಿಂಗಾಗಿ ಸ್ವಂತ ಗಾಡಿ ಇದ್ರ ಚಲೋ. ಬೈಕ್ ಆದ್ರ ಇಬ್ಬರು-ಇಬ್ಬರು ಎರಡ ಬೈಕ್ ತಗೊಂಡ ಹೋಗ್ರಿ, ಒಂದು ಪಂಕ್ಚರ್ ಆದ್ರ ಇನ್ನೊಂದರಾಗ ಹೋಗಿ ಮಂದಿ ಕರಕೊಂಡ ಬರಬೋದು. ಮುಂಜಾನೆ ಆರಕ್ಕ ಬಿಡ್ರಿ. ಹಾದಿಯಾಗ ಅಣ್ಣಿಗೇರಿ ಸಿಗತೈತಿ, ಅಮೃತೇಶ್ವರ ಗುಡಿಗೆ ಅರ್ಧ ತಾಸು ಕೊಡ್ರಿ, 76 ಕಂಬದ ಗುಡಿ, ಮುಂಜಾನೆ ಮಂದಿ ಇರೂದಿಲ್ಲ, ಬಿಸಲು ಕಂಬಗಳ ನಡು ಓರಿಯಾಗಿ ಬಂದು ಬಿದ್ದಿರತೈತಿ. ಕೈಯಿಟ್ಟು ನೋಡಿದ್ರ ಆ ಕಂಬ ಎಷ್ಟ ನುಣಪು ಅಂತ ಗೊತ್ತಾಕೈತಿ. ಈ ನುಣುಪು ನೆನಪಿಟ್ಕೋರಿ, ಮುಂದ ಕೆಲಸಕ್ಕ ಬರತೈತಿ.

ಗದಗದಾಗ ನಾಷ್ಟಾ ಮಾಡಿಕೊಂಡು ಸೀದಾ ಲಕ್ಕುಂಡಿಗೆ ಹೋಗ್ರಿ, ಕೊಪ್ಪಳ ರೋಡಿನ್ಯಾಗ 12 ಕಿಲೋಮೀಟರ್ ಅಷ್ಟ. ಗದಗ ಊರಾಗಿನ ತ್ರಿಕೂಟೇಶ್ವರ, ವೀರನಾರಾಯಣ ಗುಡಿ ಸಂಜಿಗೆ ಇಟ್ಕೋರಿ, ಹೆಂಗೂ ರಾತ್ರಿ ಗದಗದಾಗ ಉಳಿಯೂದು ಐತಿ. ಲಕ್ಕುಂಡಿಗೆ ಮೂರು ತಾಸು ಬೇಕ ಬೇಕು. ಮಂದಿ ಕಾಶಿ ವಿಶ್ವೇಶ್ವರ ಗುಡಿ ಮುಂದ ನಿಂತು ನಾಕು ಫೋಟೋ ಹೊಡಕೊಂಡು ಹೊಂಟ ಬಿಡ್ತಾರ, ನನಗ ಅದನ್ನ ನೋಡಿದ್ರ ಸಂಕಟ ಆಕೈತಿ. ಬ್ರಹ್ಮ ಜಿನಾಲಯದಿಂದ ಶುರು ಮಾಡ್ರಿ. ಅದು 1007ರಾಗ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು. ಅದಕ್ಕಿಂತ ಮೊದಲಿನ ಚಾಲುಕ್ಯರ ಗುಡಿ, ಅಂದ್ರ ಬಾದಾಮಿ ಐಹೊಳೆ ಪಟ್ಟದಕಲ್ಲು, ಎಲ್ಲಾ ಮರಳುಗಲ್ಲಿನ್ಯಾವು, ದೊಡ್ಡ ದೊಡ್ಡ ಕಲ್ಲು, ಕೆತ್ತನಿ ಸ್ವಲ್ಪ ದಪ್ಪ. ಲಕ್ಕುಂಡಿಯಾಗ ಕಲ್ಲು ಬದಲಾತು, ಹಸರು ಛಾಯೆ ಇರೋ ಬಳಪದ ಕಲ್ಲು ಬಂತು. ಇದು ಮೆತ್ತಗಿರತೈತಿ, ಉಳಿಗೆ ಒಗ್ಗತೈತಿ, ಅದಕ್ಕ ಕಂಬ ಚರಕಿ ಮ್ಯಾಲ ತಿರುವಿದಂಗ ನುಣುಪು ಬಂತು, ಬಾಗಲ ಚೌಕಟ್ಟಿನ ಬಳ್ಳಿಯಾಗ ಸೂಜಿ ಹೋಗೂವಷ್ಟು ಸಣ್ಣ ತೂತಿನ ಕೆಲಸ ಬಂತು. ಮುಂದ ಹೊಯ್ಸಳರು ಬೇಲೂರು ಹಳೇಬೀಡಿನ್ಯಾಗ ಮಾಡಿದ್ದೂ ಇಂಥಾ ಕಲ್ಲಿನ್ಯಾಗ. ಅಂದ್ರ ಈ ಸೀಮಿ ನೆಲದಾಗ ಏನ ಸಿಗತೈತಿ ಅನ್ನೂದು ಗುಡಿಯ ಆಕಾರಾನ ಬದಲ ಮಾಡಿತು. ಕಪ್ಪತಗುಡ್ಡಕ್ಕ ಹೋಗೂಕಿಂತ ಮೊದಲ ಇದನ್ನ ಕಣ್ಣಿಲೆ ನೋಡಿರಬೇಕು ಅಂತ ನಾನು ಒತ್ತಿ ಹೇಳೂದು ಇದಕ್ಕ.

ಇನ್ನೊಂದು ಕಾರಣ ಐತಿ. ಲಕ್ಕುಂಡಿ, ಶಾಸನದಾಗ ಲೊಕ್ಕಿಗುಂಡಿ, ಟಂಕಸಾಲಿ ಇದ್ದ ಊರು, ಇಲ್ಲಿ ಗದ್ಯಾಣ ಅನ್ನೂ ಬಂಗಾರದ ನಾಣ್ಯ ಟಂಕಿಸ್ತಿದ್ರು, ಲೊಕ್ಕಿ ಗದ್ಯಾಣ ಅಂತ ಹೆಸರಿತ್ತು. ಹೊಯ್ಸಳ ಇಮ್ಮಡಿ ಬಲ್ಲಾಳ ಇಲ್ಲಿ ಬೀಡು ಬಿಟ್ಟು ಆಳಿದ ಊರು. ಇವತ್ತು ಹಳ್ಳಿ ಗತೆ ಕಾಣತೈತಿ, ಗುಡಿ ಗ್ವಾಡಿಗೆ ಹತ್ತಿ ಮನಿ, ಮನಿ ಮುಂದ ಎಮ್ಮಿ, ಆದ್ರ ಒಮ್ಮೆ ಇದು ರೊಕ್ಕ ಹುಟ್ಟೂ ಊರಾಗಿತ್ತು. 101 ಗುಡಿ 101 ಬಾವಿ ಅಂತ ಊರಾಗ ಮಾತೈತಿ. ಬಾವಿ ಪೈಕಿ ಮಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ ತಪ್ಪಸಬ್ಯಾಡ್ರಿ. ಮೆಟ್ಟಲ ಇಳಕೋತ ಹೋದಂಗ ಗ್ವಾಡಿಯಾಗ ಸಣ್ಣ ಸಣ್ಣ ಗುಡಿ ಗೂಡು ಕಾಣತಾವ, ಮಧ್ಯಾಹ್ನದ ಬಿಸಲಿನ್ಯಾಗೂ ಅಲ್ಲಿ ತಂಪು. ಪಾಚಿ ಇರತೈತಿ, ಚಪ್ಪಲ್ ಜಾರಿದ್ರ ಕಷ್ಟ, ಸಣ್ಣ ಹುಡುಗರ ಕೈ ಬಿಡಬ್ಯಾಡ್ರಿ.

ಊರಾಗ ಅಡ್ಡಾಡೂವಾಗ ಒಂದು ಮಾತು. ಪುರಾತತ್ವ ಇಲಾಖೆಯ ಗುಡಿಗಳದಾವ, ಡ್ರೋನ್ ಪರ್ಮಿಷನ್ ಇಲ್ಲದ ಹಾರಸಬ್ಯಾಡ್ರಿ. ಓಣಿಯಾಗಿನ ಸಣ್ಣ ಗುಡಿ ನೋಡಬೇಕಂದ್ರ ಬಾಜೂ ಮನಿಯವರನ್ನ ಕೇಳ್ರಿ, "ಯವ್ವಾ, ಒಳಗ ನೋಡಬೋದೇನ್ರಿ" ಅಂದ್ರ ಸಾಕು, ಅವರ ಕೀಲಿ ತರಸ್ತಾರ, ಚಾ ಕುಡದ ಹೋಗ್ರಿ ಅಂತಾರ.

ಊಟ ಲಕ್ಕುಂಡಿಯಾಗ ಹುಡಕೂಕಿಂತ ಮನಿಯಿಂದ ಬುತ್ತಿ ಕಟ್ಟಿಕೊಂಡ ಹೋಗೂದ ಚಲೋ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮಸರು, ಬದನಿಕಾಯಿ ಎಣಗಾಯಿ. ಎರಡ ದಿನಕ್ಕೂ ಕಡಕ್ ರೊಟ್ಟಿ ಕೆಡೂದಿಲ್ಲ, ಗುಡ್ಡದಾಗ ಇದಕ್ಕಿಂತ ಹಗುರ ಊಟ ಇಲ್ಲ.

ಮಧ್ಯಾಹ್ನ ಡಂಬಳ. ಗದಗದಿಂದ ಮುಂಡರಗಿ ರೋಡಿನ್ಯಾಗ 20 ಕಿಲೋಮೀಟರ್ ಮ್ಯಾಲ ಸ್ವಲ್ಪ. ಈ ರೋಡಿನ್ಯಾಗ ಹೋಗ್ತಾ ಬಲಕ್ಕ ನೋಡಕೋತ ಹೋಗ್ರಿ, ದೂರದಾಗ ಗುಡ್ಡದ ಸಾಲು, ಸಾಲಿನ ಮ್ಯಾಲ ಗಾಳಿ ಫ್ಯಾನ್ ತಿರಗೂದು ಕಾಣತೈತಿ, ಅದ ಕಪ್ಪತಗುಡ್ಡ. ಡಂಬಳದಾಗ ದೊಡ್ಡಬಸಪ್ಪನ ಗುಡಿ ಮುಖ್ಯ. ಗರ್ಭಗುಡಿಯ ಹೊರಮೈ 24 ಮೂಲಿಯ ನಕ್ಷತ್ರ. ಹೇಳಿದ್ರ ತಿಳಿಯೂದಿಲ್ಲ, ಹೊರಗ ನಿಂತು ಒಂದು ಸುತ್ತು ಹಾಕ್ರಿ, ಗ್ವಾಡಿ ಎಲ್ಲೂ ಸಪಾಟ ಸಿಗೂದಿಲ್ಲ, ಮೂಲಿ ಬಿಟ್ಟು ಮೂಲಿ, ಹೆಜ್ಜಿ ಹೆಜ್ಜಿಗೆ ನೆರಳು-ಬಿಸಲು ಬದಲಾಕೈತಿ. ನಾಕ ಗಂಟೆ ಮ್ಯಾಲಿನ ಬಿಸಲಿನ್ಯಾಗ ಇದನ್ನ ನೋಡ್ರಿ, ಅದಕ್ಕ ಡಂಬಳ ಮಧ್ಯಾಹ್ನಕ್ಕ ಇಟ್ಟೀನಿ. ಒಳಗಿನ ನಂದಿ ಹೆಸರಿಗೆ ತಕ್ಕಂಗ ದೊಡ್ಡದು.

ಆಮ್ಯಾಲ ಜಪದ ಬಾವಿ. ಸುತ್ತಲೂ ಮೆಟ್ಟಲ, ಗ್ವಾಡಿಯಾಗ ಒಬ್ಬೊಬ್ಬರು ಕುಂತು ಜಪ ಮಾಡೂವಂಥ ಗೂಡು. ಹಳೇ ಶಾಸನದಾಗ ಡಂಬಳಕ್ಕ ಧರ್ಮವೊಳಲು ಅಂತ ಹೆಸರು. 1095ರ ಶಾಸನ ಒಂದರಾಗ 16 ಮಂದಿ ಸೆಟ್ಟಿಗಳು ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದು, ಬೌದ್ಧರ ದೇವತೆ ತಾರಾದೇವಿಗೆ ದಾನ ಕೊಟ್ಟಿದ್ದು ಐತಿ. ವಿಚಾರ ಮಾಡ್ರಿ, ಹನ್ನೊಂದನೇ ಶತಮಾನದ ಕಡಿಗೆ, ಕರ್ನಾಟಕದಾಗ ಬೌದ್ಧ ಧರ್ಮ ಹೆಚ್ಚುಕಡಿಮಿ ಮುಗದ ಹೋಗಿತ್ತು ಅನ್ನೂ ಹೊತ್ತಿನ್ಯಾಗ, ಗುಡ್ಡದ ಬುಡದ ಈ ಊರಾಗ ಸೆಟ್ಟಿಗಳು ಕೂಡಿ ವಿಹಾರ ಕಟ್ಟಸ್ತಾರ. ಅಷ್ಟ ರೊಕ್ಕ, ಅಷ್ಟ ಬ್ಯಾರೆ ಬ್ಯಾರೆ ಮತದ ಮಂದಿ ಇಲ್ಲಿ ಇದ್ರು. ಶೈವ, ಜೈನ, ಬೌದ್ಧ ಮೂರೂ ಒಂದ ಹಗಲಿನ್ಯಾಗ ನೋಡಿ ಮುಗಸಬೋದು ಈ ಸೀಮ್ಯಾಗ.

ರಾತ್ರಿ ಗದಗಕ್ಕ ವಾಪಸ್. ಬಸ್‌ಸ್ಟ್ಯಾಂಡ್ ಸುತ್ತ ಲಾಡ್ಜ್ ಸಿಗ್ತಾವ. ಸಂಜಿ ಮಿರ್ಚಿ-ಗಿರ್ಮಿಟ್ ತಿನ್ನದ ಬರೂದು ಅಂದ್ರ ಗದಗಕ್ಕ ಹೋಗೇ ಇಲ್ಲ ಅಂದಂಗ. ಮಾಂಸದೂಟ ಬೇಕಂದ್ರ ಬೆಟಗೇರಿ ಕಡೆ ಸಾವಜಿ ಖಾನಾವಳಿ, ಖಾರ ತಡಕೊಳ್ಳೂವರಿಗೆ ಮಾತ್ರ, ಮರುದಿನ ಗುಡ್ಡ ಹತ್ತೂದು ಐತಿ ಅನ್ನೂದು ಮರೀಬ್ಯಾಡ್ರಿ.

ಈಗ ಎರಡನೇ ದಿನ, ಗುಡ್ಡ. ಇಲ್ಲಿ ನಿಧಾನ ಓದ್ರಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, 244 ಚದರ ಕಿಲೋಮೀಟರ್ ಮ್ಯಾಲ. ಕಪ್ಪತ ಮಲ್ಲಯ್ಯನ ಗುಡಿಗೆ ಭಕ್ತರು ಹೋಗೂ ಹಾದಿ ಬ್ಯಾರೆ, ಕಾಡಿನೊಳಗ ತಿರಗಾಡೂದು ಬ್ಯಾರೆ. ಒಳಗ ಹೋಗಬೇಕಂದ್ರ ಅರಣ್ಯ ಇಲಾಖೆಯ ಪರ್ಮಿಷನ್ ಬೇಕ ಬೇಕು. ಗದಗ ಅಥವಾ ಮುಂಡರಗಿ ಅರಣ್ಯ ಆಫೀಸಿಗೆ ಒಂದು ವಾರ ಮೊದಲ ಹೋಗಿ ಇಲ್ಲಾ ಫೋನ್ ಮಾಡಿ, ಎಷ್ಟ ಮಂದಿ, ಯಾವ ದಿನ, ಯಾವ ಜಾಗ ಅಂತ ಹೇಳಿ ಕೇಳ್ರಿ. "ಹಳೇ ಗಣಿ ಜಾಗ ನೋಡಬೇಕ್ರಿ, ಒಳಗ ಇಳಿಯೂದಿಲ್ಲ" ಅಂತ ಖರೇ ಖರೇ ಹೇಳ್ರಿ. ಸುಮ್ಮ ಟ್ರೆಕ್ಕಿಂಗ್ ಅಂತ ಹೇಳಿ ಹೋಗಿ, ಆಮ್ಯಾಲ ಗಣಿ ಹತ್ರ ಸಿಕ್ಕರ ನಿಮ್ಮ ಮ್ಯಾಲ ಸಂಶಯ ಬರತೈತಿ. ಅವರು ಇಂಥಾ ಕಡೆ ಬ್ಯಾಡ ಅಂದ್ರ ಬ್ಯಾಡ ಅಷ್ಟ, ವಾದಕ್ಕ ನಿಂದರಬ್ಯಾಡ್ರಿ. ತೋಳ, ಕತ್ತೆಕಿರುಬ, ಚಿರತಿ ಇರೋ ಗುಡ್ಡ ಇದು. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡಾನೂ ಹೌದು, ಆದ್ರ ಒಂದು ಎಲಿ ಹರಕೊಂಡ ಬರೂದೂ ಇಲ್ಲಿ ತಪ್ಪು.

ಹಾದಿ ಡೋಣಿ ಅನ್ನೂ ಊರಿನ ಕಡೆಯಿಂದ. ಎರಿ ಮುಗದು ಮಸಾರಿ ಶುರು ಆತು, ಕೆಂಪ ಮಣ್ಣಿನ್ಯಾಗ ಬಿಳೇ ಕಲ್ಲ ಹೊಳಿಯಾಕ ಹತ್ತಿದ್ವು ಅಂದ್ರ ಗುಡ್ಡ ಹತ್ರ ಬಂತು ಅಂತ ತಿಳೀರಿ. ಆ ಬಿಳೇ ಕಲ್ಲು ಬೆಣಚುಕಲ್ಲು. ಬಂಗಾರ ಇರೂದು ಇಂಥಾ ಬೆಣಚುಕಲ್ಲಿನ ಪಟ್ಟಿಯೊಳಗ, ಎಲ್ಲಾ ಪಟ್ಟಿಯೊಳಗ ಅಲ್ಲ. ಗುಡ್ಡದ ತಲಿ ಮ್ಯಾಲ ಕೆಂಪು-ಕಪ್ಪು ಪಟ್ಟಿ ಪಟ್ಟಿ ಕಲ್ಲು ಕಾಣತಾವ, ಅದು ಕಬ್ಬಿಣದ್ದು. ಈ ಥರದ ಕಲ್ಲಿನ ಸಾಲಿಗೆ ಜಗತ್ತಿನ ಭೂಗರ್ಭ ಶಾಸ್ತ್ರದ ಪುಸ್ತಕದಾಗೆಲ್ಲ ಇರೂ ಹೆಸರು ಏನು ಅಂದ್ರ ಧಾರವಾಡ! ನಮ್ಮ ಧಾರವಾಡದ್ದ ಹೆಸರು. ಆ ಹೆಸರು ಇಟ್ಟಾಂವ ಬ್ರಿಟಿಷ್ ಭೂಗರ್ಭ ಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್, 1863ರಾಗ ಮದರಾಸ್ ಹತ್ರ ಪಲ್ಲಾವರಂನ್ಯಾಗ ಹಳೇ ಶಿಲಾಯುಗದ ಕಲ್ಲಿನ ಆಯುಧ ಕಂಡುಹಿಡಿದಾಂವ. ಅಂವ ಡಂಬಳ ಗುಡ್ಡದ ಬಂಗಾರದ ಕಲ್ಲಿನ ಬಗ್ಗೆ 1874ರಾಗ ವರದಿ ಬರದಾನ. ಆವಾಗಿನ ಬರವಣಿಗಿಯೊಳಗ ಡೋಣಿ ಹಳ್ಳದ ಜಾಲಗಾರರ ಮಾತು ಬರತೈತಿ.

ಜಾಲಗಾರರು ಅಂದ್ರ ಯಾರು ಅಂತ ನಮಗ ತಿಳಿಸಿ ಹೇಳೂದ ಬ್ಯಾಡ, ಮನ್ಯಾಗ ಅವ್ವ ಅಕ್ಕಿ ಜಾಲಸೂದು ನೋಡೀರಲ್ಲ, ನೀರ ಹಾಕಿ ತಿರುವಿ ತಿರುವಿ ಅಕ್ಕಿ ಮ್ಯಾಲ ತಗದು ಹಳ್ಳು ಕೆಳಗ ಉಳಸೂದು, ಅದ ಕೆಲಸ. ಮಳಿ ಬಂದು ಹಳ್ಳಕ್ಕ ಗುಡ್ಡದ ಮಣ್ಣು ಬಂದಾಗ ಕಟ್ಟಿಗಿ ಮರಿಗಿಯಾಗ ಆ ಉಸುಕು ತುಂಬಿ ಜಾಲಿಸಿ ಜಾಲಿಸಿ, ಕಡೀಕ ತಳದಾಗ ಉಳಿದ ಕರೇ ಪುಡಿಯೊಳಗ ಬಂಗಾರದ ನುಚ್ಚು ಹುಡಕೂದು. ದೊಡ್ಡ ಗಳಿಕಿ ಏನಿಲ್ಲ, ದಿನದ ಕೂಲಿ ಹುಟ್ಟಿದ್ರ ಪುಣ್ಯ. ಡೋಣಿ ಹಳ್ಳದ ದಂಡಿಗೆ ಕುಂತು ಒಂದ ಬೊಗಸಿ ಉಸುಕು ಎತ್ತಿ ನೋಡ್ರಿ, ಹೊಳಿಯೂದೆಲ್ಲ ಬಂಗಾರ ಅಲ್ಲ, ಕಾಗಿಬಂಗಾರ ಅಂತೀವಲ್ಲ, ಅಭ್ರಕ, ಅದೂ ಭಾಳ ಹೊಳಿತೈತಿ. ನೋಡಿ ಅಲ್ಲೇ ಬಿಡ್ರಿ.

ಫೂಟ್ ಬರದ ಮ್ಯಾಲ, 19ನೇ ಶತಮಾನದ ಕಡಿಗೆ, 20ನೇ ಶತಮಾನದ ಮೊದಲ ಹತ್ತಿಪ್ಪತ್ತು ವರ್ಷದೊಳಗ, ಇಲ್ಲಿ ಕಂಪನಿಗಳು ಬಂದ್ವು. ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿ ಕಡೆ ಗಣಿ ಅಗದ್ರು. ಶಿರಹಟ್ಟಿ ಸೀಮಿ ಆವಾಗ ಸಾಂಗ್ಲಿ ಸಂಸ್ಥಾನದ್ದು, ಅದಕ್ಕ ಒಂದು ಗಣಿಗೆ ಸಾಂಗ್ಲಿ ಗಣಿ ಅಂತಾನ ಹೆಸರು ಬಂತು. ಆದ್ರ ಅವರಿಗಿಂತ ಮೊದಲ ನಮ್ಮ ಹಿರಿಯರು ಅಗದ ಗುಂಡಿ ಇದ್ದ್ವು, ಹಳೇ ಅಗೆತದ ಗುರ್ತು ನೋಡೇ ಸಾಹೇಬರು ಜಾಗ ಹಿಡದ್ರು. ಕೋಲಾರದಂಗ ನಡೀತೈತಿ ಅಂತ ಆಸೆ ಇತ್ತು, ಹಂಗ ಆಗಲಿಲ್ಲ, ಬಂದ ಬಂಗಾರಕ್ಕಿಂತ ಖರ್ಚು ಹೆಚ್ಚಾತು, ಬಿಟ್ಟು ಹ್ವಾದ್ರು.

ಈಗ ಅಲ್ಲಿ ಏನ ಕಾಣತೈತಿ, ಹೆಂಗ ಗುರ್ತ ಹಿಡಿಯೂದು? ಕೆಜಿಎಫ್‌ನಂಗ ದೊಡ್ಡ ದೊಡ್ಡ ಕಟ್ಟಡ ಇರ್ತಾವ ಅಂತ ಹೋದ್ರ ನಿರಾಸೆ ಆಕೈತಿ. ಇಲ್ಲಿ ನೆಲಾನ ಓದಬೇಕು. ಮೊದಲನೇದು, ಒಡದ ಬೆಣಚುಕಲ್ಲಿನ ರಾಶಿ. ತಾನ ಉದುರಿದ ಕಲ್ಲು ಚಲ್ಲಾಪಿಲ್ಲಿ ಬಿದ್ದಿರತೈತಿ, ಮನಷ್ಯಾ ಒಡದ ಕಲ್ಲು ಒಂದ ಕಡೆ ದಿಬ್ಬ ಆಗಿರತೈತಿ, ತುಂಡು ಹೆಚ್ಚುಕಡಿಮಿ ಒಂದ ಸೈಜಿನ್ಯಾವ ಇರ್ತಾವ, ಅಂಚು ಚೂಪು. ಎರಡನೇದು, ಒಣಗಿದ ಹಳದಿ ಹುಲ್ಲಿನ ನಡು ಒಂದು ಕಡೆ ಅಷ್ಟ ಹಸರ ಕಂಟಿ ಗುಂಪಾಗಿ ಬೆಳದಿದ್ರ ಹುಷಾರ್, ಅದರ ಕೆಳಗ ಗುಂಡಿ ಇರೂ ಸಾಧ್ಯತೆ ಭಾಳ, ತಗ್ಗಿನ್ಯಾಗ ತಂಪು ಉಳದು ಕಂಟಿ ಬೆಳದಿರತೈತಿ. ಮೂರನೇದು ಭಾಳ ಮುಖ್ಯ, ಬಂಗಾರದ ಪಟ್ಟಿ ನೆಲದೊಳಗ ಗೆರಿ ಎಳದಂಗ ಹೋಗಿರತೈತಿ, ಗುಡ್ಡದ ಸಾಲು ಹೋದ ದಿಕ್ಕಿಗೇ ಹೆಚ್ಚಾಗಿ. ಹಿಂಗಾಗಿ ಒಂದು ಗುಂಡಿ ಕಂಡ್ರ ಅದರ ಸಾಲಿನ್ಯಾಗ ಹಿಂದ-ಮುಂದ ಇನ್ನೂ ಗುಂಡಿ ಇರ್ತಾವ. ಗುಂಡಿ ಕಂಡ ಕೂಡ್ಲೆ ಆ ಗೆರಿ ಬಿಟ್ಟು ಬಾಜೂಕ ಸರೀರಿ, ಗೆರಿ ಮ್ಯಾಲ ನಡೀಬ್ಯಾಡ್ರಿ.

ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಅತ್ತಿಕಟ್ಟಿ ಕಡೆ ಮೊದಲನೇ ಸಲ ಹೋದಾಗ ನನ್ನ ಗೆಳೆಯಾ ಫೋನಿನ್ಯಾಗ ಮ್ಯಾಪ್ ನೋಡಕೋತ ಮುಂದ ಹೊಂಟಿದ್ದ, ಹಿಂದಿನಿಂದ ಒಬ್ಬ ಕುರಿ ಕಾಯೂ ಅಜ್ಜ ಜೋರ ಕೂಗಿದ, "ನಿಂದರೋ ತಮ್ಮಾ! ಹಿಂದ ಸರಿ!" ಗೆಳೆಯಾ ನಿಂತ. ಅಜ್ಜ ಬಂದು ತನ್ನ ಬಡಿಗಿಲೆ ಕಂಟಿ ಸರಿಸಿ ತೋರಿಸಿದ, ನಾಕ ಹೆಜ್ಜಿ ಮುಂದ ನೆಲ ಇರಲಿಲ್ಲ. ಒಂದು ಕಲ್ಲು ಒಗದ, ಅದರ ಸಪ್ಪಳ ಬರಾಕ ಎಷ್ಟ ಹೊತ್ತು ಹಿಡೀತು ಅಂದ್ರ ನಾವು ಮೂರೂ ಮಂದಿ ಮಾತಾಡಲಿಲ್ಲ. ತನ್ನ ಕುರಿ ಒಂದು ಹಿಂಗ ಬಿದ್ದು ಹೋದ ಮ್ಯಾಲ ಆ ಅಜ್ಜ ಗುಂಡಿ ಇರೂವಲ್ಲೆಲ್ಲ ಕಲ್ಲ ಮ್ಯಾಲ ಕಲ್ಲು ಇಟ್ಟು ಗುರ್ತ ಮಾಡಿದ್ದ. ಆವತ್ತಿಂದ ನಾನು ಬುಡದ ಊರಿನವರ ಒಬ್ಬರನ್ನ ಜೋಡಿ ಕರಕೊಳ್ಳದ ಆ ಕಡೆ ಹೋಗಿಲ್ಲ.

ಹಂಗಾಗಿ ನೀವೂ ಕರಕೊಂಡ ಹೋಗ್ರಿ. ಹೆಂಗ ಹುಡಕೂದು ಅಂದ್ರ, ಊರ ಕಟ್ಟಿ ಹತ್ರ ಇಲ್ಲಾ ಚಾದಂಗಡಿಯಾಗ ಕುಂಡ್ರಿ, ಗಡಿಬಿಡಿ ಮಾಡಬ್ಯಾಡ್ರಿ. ಹೋದ ಕೂಡ್ಲೆ "ಬಂಗಾರದ ಗಣಿ ಎಲ್ಲೈತಿ" ಅಂತ ಕೇಳಿದ್ರ ಮಂದಿ ಬಾಯಿ ಬಿಡೂದಿಲ್ಲ, ನಿಧಿ ಹುಡಕಾಕ ಬಂದವರು ಅಂತ ತಿಳಕೋತಾರ, ಅವರು ಹಂಗ ತಿಳಕೊಳ್ಳೂದು ತಪ್ಪೂ ಅಲ್ಲ, ನಿಧಿ ಆಸೆಗೆ ಗುಡಿ ಕೆಡವಿ ಲಿಂಗ ಕಿತ್ತು ಒಗದವರನ್ನ ಈ ಕಡೆ ಹಳ್ಳಿಗಳು ಸಾಕಷ್ಟ ನೋಡ್ಯಾವ. ಮೊದಲ ಎಲ್ಲಿಂದ ಬಂದೇವಿ, ಯಾಕ ಬಂದೇವಿ ಹೇಳ್ರಿ. ಅರಣ್ಯದವರ ಪರ್ಮಿಷನ್ ಇದ್ದದ್ದು ತೋರಸ್ರಿ. ಆಮ್ಯಾಲ ಹಿರಿಯರನ್ನ "ಅಜ್ಜಾರ, ನಿಮ್ಮ ಮುತ್ಯಾನ ಕಾಲಕ್ಕ ಇಲ್ಲಿ ಕಂಪನಿ ಇತ್ತಂತಲ್ರಿ" ಅಂತ ಕೇಳ್ರಿ. ಕಂಪನಿ ಅನ್ನೂ ಶಬ್ದಕ್ಕ ಬಾಗಲ ತಗೀತೈತಿ. ಯಾರ ಮನಿಯವರು ಕಲ್ಲ ಹೊತ್ತಿದ್ರು, ಯಾವ ಹೊಲ ಕಂಪನಿ ಹೊಲ, ಎಲ್ಲಾ ಬರತೈತಿ. ತಾಂಡಾದವರನ್ನೂ ಕೇಳ್ರಿ, ದನ ಕುರಿ ಕಾಯೂವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರೂದಿಲ್ಲ. ಜೋಡಿ ಬಂದವರಿಗೆ ಒಂದ ದಿನದ ಪಗಾರ ಎಷ್ಟೋ ಅಷ್ಟು ಮೊದಲ ಮಾತಾಡಿ ಕೈಯಾಗ ಕೊಡ್ರಿ, ಅವರ ಕೆಲಸ ಬಿಟ್ಟು ಬಂದಿರ್ತಾರ. ರೆಕಾರ್ಡ್ ಮಾಡಕೊಳ್ಳೂದಿದ್ರ ಕೇಳಿ ಮಾಡ್ರಿ. ಈ ಕತಿ ಹೇಳೂವರು ದಿನಾ ಕಡಿಮಿ ಆಗಾಕ ಹತ್ತ್ಯಾರ, ನಾನು ಮೊದಲ ಸಲ ಕಂಡ ಹಿರಿಯರ ಪೈಕಿ ಇಬ್ಬರು ಈಗಿಲ್ಲ.

ಗಣಿ ಒಳಗ ಇಳಿಯೂದು ಅಂತೂ ಬ್ಯಾಡ, ಎರಡ ಹೆಜ್ಜಿನೂ ಬ್ಯಾಡ. ಅಡ್ಡ ಸುರಂಗ ಬಾಯಿ ತಗದು ಕುಂತಿರತೈತಿ, ಬ್ಯಾಟರಿ ಹಿಡದು ಸ್ವಲ್ಪ ನೋಡಿ ಬರೂಣು ಅನಿಸತೈತಿ. ನೂರು ವರ್ಷ ನೋಡಾವರಿಲ್ಲದ ನಿಂತ ಕಲ್ಲು, ಆಧಾರಕ್ಕ ಕೊಟ್ಟ ಕಟ್ಟಿಗಿ ಮಣ್ಣಾಗಿ ಹೋಗಿರತೈತಿ. ಅದಕ್ಕಿಂತ ದೊಡ್ಡ ಅಪಾಯ ಗಾಳಿ. ತಗ್ಗಿನ್ಯಾಗ ಕೆಟ್ಟ ಗಾಳಿ ಕುಂತಿರತೈತಿ, ಅದಕ್ಕ ವಾಸನಿ ಇಲ್ಲ ಬಣ್ಣ ಇಲ್ಲ, ಹಳೇ ಬಾವಿ ಸ್ವಚ್ಛ ಮಾಡಾಕ ಇಳದು ಒಬ್ಬರ ಹಿಂದ ಒಬ್ಬರು ಸತ್ತ ಸುದ್ದಿ ನಾವೆಲ್ಲ ಓದೇವಿ, ಇಲ್ಲೂ ಅದ ಲೆಕ್ಕ. ಬಾವಲಿ, ಹಾವು, ಕತ್ತೆಕಿರುಬದ ಗವಿ ಅನ್ನೂದು ಬ್ಯಾರೆ. ಗುಂಡಿಯೊಳಗ ನಿಂತ ನೀರು ಎಷ್ಟ ತಿಳಿ ಇದ್ರೂ ಕುಡೀಬ್ಯಾಡ್ರಿ, ಬಂಗಾರದ ಕಲ್ಲಿನ ಜೋಡಿ ವಿಷದ ಖನಿಜಾನೂ ಇರ್ತಾವ. ಒಬ್ಬರಿಗೆ ಮೂರು ಲೀಟರ್ ನೀರ ಗದಗದಿಂದಲೇ ತುಂಬಿಕೊಳ್ರಿ. ಬೂಟು, ಫುಲ್ ಪ್ಯಾಂಟು, ಒಂದು ಬಡಿಗಿ, ಟೋಪಿ. ಗುಡ್ಡದ ಸಂದ್ಯಾಗ ಫೋನ್ ನೆಟ್‌ವರ್ಕ್ ಹೋಗಿ ಬಂದು ಮಾಡತೈತಿ, ಹಿಂಗಾಗಿ ಯಾವ ಊರಿಗೆ ಎಷ್ಟ ಗಂಟೆಗೆ ವಾಪಸ್ ಬರ್ತೀವಿ ಅಂತ ಮನಿಗೂ, ಚಾದಂಗಡಿಯವರಿಗೂ ಹೇಳಿ ಹೋಗ್ರಿ.

ಮುಂಜಾನೆ ಗಣಿ ಜಾಗ ನೋಡಿ, ಬಿಸಲು ಏರೂದ್ರೊಳಗ ಕಪ್ಪತ ಮಲ್ಲಯ್ಯನ ಸನ್ನಿಧಿಗೆ ಬರ್ರಿ. ಅಲ್ಲಿ ಬುತ್ತಿ ಬಿಚ್ಚಿ ಉಣ್ಣೂದು, ಆಮ್ಯಾಲ ಗಾಳಿಗುಂಡಿ ಕಡೆ. ಹೆಸರಿಗೆ ತಕ್ಕಂಗ ಗಾಳಿ, ಟೋಪಿ ಕೈಯಾಗ ಹಿಡಕೊಂಡ ನಿಂದರಬೇಕು. ಕೆಳಗ ಒಂದು ಕಡೆ ಕರೇ ಎರಿ, ಒಂದು ಕಡೆ ಕೆಂಪ ಮಸಾರಿ, ನಡು ಕೆರಿಗಳು. ಅಲ್ಲಿ ನಿಂತಾಗ ನಿನ್ನೆ ನೋಡಿದ್ದು ಇವತ್ತ ನೋಡಿದ್ದು ಎಲ್ಲಾ ಒಂದಕ್ಕೊಂದು ಕೂಡತೈತಿ, ಇದಕ್ಕ ನಾನು ಕ್ರಮ ಹಿಂಗ ಇಟ್ಟದ್ದು. ಹಸರು ಕಲ್ಲು ಗುಡಿ ಆತು, ಬಿಳೇ ಕಲ್ಲು ಬಂಗಾರ ಕೊಡ್ತು, ಗುಡ್ಡದ ನೀರು ಕೆರಿ-ಬಾವಿ ತುಂಬಿತು.

ಈ ಗುಡ್ಡ ಇನ್ನೂ ಹಿಂಗ ಉಳದದ್ದು ಸುಮ್ಮ ಅಲ್ಲ. 2011ರಾಗ ಮುಂಡರಗಿ ತಾಲೂಕಿನ ಹಳ್ಳಿಗುಡಿ ಕಡೆ ಪೋಸ್ಕೋ ಉಕ್ಕಿನ ಕಾರ್ಖಾನಿ ಬರೂದಿತ್ತು, ರೈತರು, ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ನಿಂತು ಹೋರಾಟ ಮಾಡಿದ್ರು, ಕೈ ಬಿಟ್ರು. ಗುಡ್ಡಕ್ಕ 2015ರಾಗ ಸಂರಕ್ಷಿತ ಪ್ರದೇಶ ಅಂತ ಪಟ್ಟ ಕೊಟ್ಟು, 2016ರಾಗ ಅದನ್ನ ವಾಪಸ್ ತಗೊಂಡಾಗ ಮತ್ತ ಗದಗ ಎದ್ದ ನಿಂತು, 2017ರಾಗ ಆ ಪಟ್ಟ ಮರಳಿ ಬಂತು. ಬುಡದ ಊರಿನ ಮಂದಿ ಹತ್ರ ಇದನ್ನೂ ಕೇಳ್ರಿ, ಹಳೇ ಕಂಪನಿ ಕತಿಗಿಂತ ಜೋರಾಗಿ ಹೇಳ್ತಾರ.

ಕಂಪನಿ ಬಂದು, ಊರ ಕಟ್ಟಿ, ಬಿಟ್ಟ ಹೋದ್ರ ಹೆಂಗ ಕಾಣತೈತಿ ಅಂತ ಪೂರಾ ನೋಡಬೇಕಂದ್ರ ಇನ್ನೊಂದು ಲಾಂಗ್ ವೀಕೆಂಡ್ ಇಟ್ಟುಕೊಂಡು ಕುದುರೆಮುಖಕ್ಕ ಹೋಗ್ರಿ. ಹುಬ್ಬಳ್ಳಿಯಿಂದ ಹಾವೇರಿ, ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ ಮ್ಯಾಲ ಹಾಸಿ ಹೋಗೂದು, ಒಂದ ದಿನದಾಗ ಹೋಗಿ ಬರೂದು ಅಲ್ಲ, ಕಳಸದಾಗ ಉಳಕೋರಿ. 1976ರಾಗ ಅಲ್ಲಿ ಕಬ್ಬಿಣದ ಅದಿರಿನ ಸರ್ಕಾರಿ ಕಂಪನಿ ಶುರು ಆತು, ಇರಾನಿಗೆ ಅದಿರು ಕಳಸೂ ಒಪ್ಪಂದದ ಮ್ಯಾಲ, 1979ರಾಗ ಇರಾನಿನ್ಯಾಗ ಕ್ರಾಂತಿ ಆಗಿ ಆ ಗಿರಾಕಿ ಹ್ವಾತು, ಆದ್ರೂ ಗಣಿ ನಡೀತು. ಅದಿರನ್ನ ನೀರಿನ್ಯಾಗ ಕಲಸಿ 67 ಕಿಲೋಮೀಟರ್ ಪೈಪಿನ್ಯಾಗ ಘಟ್ಟ ಇಳಿಸಿ ಮಂಗಳೂರಿಗೆ ಕಳಸ್ತಿದ್ರು. ನಡುವ 1987ರಾಗ ಆ ಕಾಡು ರಾಷ್ಟ್ರೀಯ ಉದ್ಯಾನ ಆತು, ಸುಪ್ರೀಂ ಕೋರ್ಟ್ ತೀರ್ಪಿನಂಗ 2005ರ ಕಡಿಗೆ ಗಣಿ ಬಂದ್. ಊರು ಹಂಗ ಉಳೀತು, ಕ್ವಾರ್ಟರ್ಸ್ ಸಾಲು, ಬೀಗ ಹಾಕಿದ ಬಾಗಲ, ಮಳಿಗೆ ಪಾಚಿ ಹಿಡದ ಗ್ವಾಡಿ. ಹೋಗೂವಾಗ ಫಾರೆಸ್ಟ್ ಚೆಕ್‌ಪೋಸ್ಟಿನ್ಯಾಗ ಟೈಮ್ ಬರದು ಚೀಟಿ ಕೊಡ್ತಾರ, ಆ ಟೈಮಿನೊಳಗ ಆ ಕಡೆ ಗೇಟ್ ದಾಟಬೇಕು, ನಡುವ ಗಾಡಿ ನಿಲ್ಲಿಸಿ ಕಾಡಿಗೆ ಇಳೀಬ್ಯಾಡ್ರಿ. ಬಂದಾದ ಮನಿಯೊಳಗ ಹೊಕ್ಕು ಫೋಟೋ ತಗಿಯೂದು ಬ್ಯಾಡ, ಕಂಪನಿ ಆಸ್ತಿ ಅದು, ಇನ್ನೂ ಅಲ್ಲಿ ಇರೂ ಮಂದಿ ಅದಾರ. ರೋಡಿನ ಮ್ಯಾಲ ನಿಂತು ನೋಡಿದ್ರ ಸಾಕು. ಕಪ್ಪತಗುಡ್ಡ ನೋಡಿ ಹೋದವರಿಗೆ ಅದು ಬ್ಯಾರೆ ಥರಾನ ಕಾಣತೈತಿ.

ಈಗ ವಾಪಸ್ ಬರೂ ಹಾದಿ. ಗದಗ ಕಡೆ ಹೋಗಬ್ಯಾಡ್ರಿ, ಶಿರಹಟ್ಟಿ ಮ್ಯಾಲ ಹಾಸಿ ಬರ್ರಿ. ಶಿರಹಟ್ಟಿ ಫಕೀರೇಶ್ವರ ಮಠಕ್ಕ ಹೋಗಿ ಬರ್ರಿ, ಹಿಂದೂ ಮುಸಲ್ಮಾನರು ಇಬ್ಬರೂ ನಡಕೊಳ್ಳೂ ಗದ್ದಿಗಿ. ಚಳಿಗಾಲ ಇದ್ರ ಮಾಗಡಿ ಕೆರಿ ಬಿಡಬ್ಯಾಡ್ರಿ, ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಲ್ಲಿ ಇಳದಿರ್ತಾವ, 2024ರಾಗ ಈ ಕೆರಿ ರಾಮ್ಸರ್ ಪಟ್ಟಿಗೆ, ಅಂದ್ರ ಜಗತ್ತಿನ ಮುಖ್ಯ ಕೆರಿ-ಜೌಗು ಜಾಗಗಳ ಪಟ್ಟಿಗೆ ಸೇರೇತಿ. ಐದೂವರಿ ಹೊತ್ತಿಗೆ ಕೆರಿ ದಂಡಿಗೆ ಮುಟ್ಟೂವಂಗ ನೋಡ್ಕೋರಿ, ಗಾಡಿ ದೂರ ನಿಲ್ಲಸ್ರಿ, ಹಾರ್ನ್ ಹೊಡೀಬ್ಯಾಡ್ರಿ. ಬಾತುಗಳು ಗುಂಪು ಗುಂಪಾಗಿ ಹಾರಾಡೂ ಹೊತ್ತು ಅದು, ಅವು ಕೂಗಿಕೋತ ಹಾರೂವಾಗ ಹಿಂದ ಕಪ್ಪತಗುಡ್ಡದ ಗೆರಿ ಕಾಣತೈತಿ. ಕತ್ತಲಾದ ಮ್ಯಾಲ ಲಕ್ಷ್ಮೇಶ್ವರದಾಗ ಚಾ ಕುಡದು ಬಿಟ್ರ, ರಾತ್ರಿ ಊಟಕ್ಕ ಹುಬ್ಬಳ್ಳಿ ಮುಟ್ತೀರಿ.